ಕೊಟ್ಟಿಗೆಯಿಂದ ಹಿತ್ತಿಲಿಗೆ

ಗೊಬ್ಬರದ ಮಾತನ್ನು ಆಡುವುದಕ್ಕೆ ಆಕಾಶವಾಣಿಯಲ್ಲಿ ಕೃಷಿರಂಗವೆಂಬ ಬೇರೆಯೇ ಕಾರ್ಯಕ್ರಮವಿದೆ. ಅಲ್ಲಿ ಅದನ್ನು ಬಲ್ಲವರು ಆಡುತ್ತಾರೆ. ಮೂರು ದಶಕಗಳಿಗೂ ಮಿಕ್ಕು ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದ ಕನ್ನಡ ಮೇಷ್ಟರೊಬ್ಬನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ಕೇಳುಗರಲ್ಲಿ ಯಾರಿಗಾದರೂ ಅನ್ನಿಸಿದರೆ ಅದು ನ್ಯಾಯವೇ ಸರಿ. ನನ್ನ ಪರವಾಗಿ ಹೇಳಿಕೊಳ್ಳಬಹುದಾದದ್ದು ಇಷ್ಟು: ನಿವೃತ್ತಿಯ ಬಳಿಕ ಬಾಬಾಬುಡನ್‌ಗಿರಿಯ ಪಡುವಣ ಮಗ್ಗುಲಲ್ಲಿರುವ ಹಿರಿಯರ ಮನೆಗೆ ಹಿಂದಿರುಗಿ, ಈಗ ಆರು ವರ್ಷಗಳಿಂದ ಹಿತ್ತಿಲಿನಲ್ಲಿ ತರಕಾರಿ ಬೆಳೆಯುತ್ತಿದ್ದೇನೆ. ಅಲ್ಲದೆ, ಗೊಬ್ಬರಕ್ಕೂ ಕನ್ನಡ ಸಾಹಿತ್ಯಕ್ಕೂ ನಾವು ತಿಳಿದಿರುವುದಕ್ಕಿಂತ ಹತ್ತಿರದ ನಂಟು ಇದೆ.

ಎಂ.ಎ. ತರಗತಿಯಲ್ಲಿ ಸಾಹಿತ್ಯಚರಿತ್ರೆಯನ್ನು ಓದುವಾಗ ಶಾಸ್ತ್ರಗ್ರಂಥಗಳ ಸಾಲಿನಲ್ಲಿ ‘ಲೋಕೋಪಕಾರ’ ಎಂಬ ಹೆಸರು ಒಮ್ಮೆ ಬಂದುಹೋಗುತ್ತದೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯನು ಬರೆದ ಗ್ರಂಥ; ಪುರಾಣ ಬರೆದ ಚಾವುಂಡರಾಯನೇ ಬೇರೆ, ಇವನೇ ಬೇರೆ. ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಸಾಕು. ಆದರೆ ಆ ಗ್ರಂಥದಲ್ಲಿ ಜ್ಯೋತಿಷ, ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ವಿದ್ಯೆ, ಅಡುಗೆ, ಸುಗಂಧ, ವೈದ್ಯ ಇವುಗಳ ನಡುವೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವಿದೆ. ಬೀಜಕ್ಕೂ ಗಿಡಕ್ಕೂ ಏನೇನು ಉಪಚಾರ ಮಾಡಬೇಕೆಂಬುದನ್ನು ಕನ್ನಡದಲ್ಲಿ ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. 2006ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ನಿನವರು ಇದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಬೇಸಾಯ ವಿಜ್ಞಾನಿಗಳು ಕುತೂಹಲದಿಂದ ಓದಿದ ಈ ಪುಸ್ತಕವನ್ನು ನಮ್ಮ ಕನ್ನಡ ವಿಭಾಗಗಳು ಕಪಾಟಿನಿಂದ ಕೆಳಗಿಳಿಸಿದ್ದು ಅಪರೂಪ. ಕಾವ್ಯವೆಂದರೆ ಮೇಲು, ಗೊಬ್ಬರವೆಂದರೆ ಕೀಳು ಎಂಬ ಎಣಿಕೆ ನಮ್ಮಲ್ಲಿ ಹೇಗೋ ಬೇರೂರಿಬಿಟ್ಟಿದೆ.

ಜನರ ಎಣಿಕೆ ಹೀಗಿರಲಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ವಾಡಿಕೆಯನ್ನು ಬಯಲುಸೀಮೆಯವರು ಬಲ್ಲರು. ಎಸೆದ ವಸ್ತುವಿನ ಮೇಲೆ ಮೃತ್ಯುವಿನ ಕಣ್ಣು ಬೀಳದು ಎಂಬುದು ಅದಕ್ಕೆ ಕೊಡುವ ವಿವರಣೆ. ನನಗೇನೋ ಇನ್ನೊಂದು ಅರ್ಥವೂ ಕಾಣುತ್ತದೆ: ಸತ್ತದ್ದೆಲ್ಲ ಮತ್ತೆ ಜೀವವಾಗುವ ಜಾಗ ಊರಿನಲ್ಲಿ ಅದೊಂದೇ. ದೀಪಾವಳಿಯ ದಿನ ತುಳಸಿಕಟ್ಟೆಗೆ, ಬಾವಿಗೆ, ಕೊಟ್ಟಿಗೆಗೆ ದೀಪವಿಟ್ಟ ಮೇಲೆ ಗೊಬ್ಬರದ ಗುಂಡಿಗೂ ಒಂದು ಹಣತೆ ಇಡುವುದು ನಮ್ಮ ಮನೆಯಲ್ಲಿ ಇಂದಿಗೂ ನಡೆದುಬಂದಿದೆ.

ಇನ್ನು ಊರಿನ ಮಾತು. ಬಾಬಾಬುಡನ್ನರು ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳದವರಿಲ್ಲ. ಕುದುರೆಯ ಲಾಳದಂತೆ ಬಾಗಿ ನಿಂತು ಜಾಗರ ಕಣಿವೆಯನ್ನು ಒಳಗಿಟ್ಟುಕೊಂಡಿರುವ ಈ ಬೆಟ್ಟಸಾಲು ಕಾಫಿಗೆ ಎಷ್ಟು ಹೆಸರಾಗಿದೆಯೋ ಮಳೆಯನ್ನು ಪಾಲುಮಾಡುವುದಕ್ಕೂ ಅಷ್ಟೇ ಹೆಸರಾಗಬೇಕಾಗಿತ್ತು. ಪಡುವಲ ಕಡೆ, ಮೂಡಿಗೆರೆ, ಕಳಸಗಳಲ್ಲಿ ನೂರು ಇಂಚಿನ ಮಾತು ಸಾಮಾನ್ಯ. ಮೂಡಲಿಗಿಳಿದು ಸಖರಾಯಪಟ್ಟಣದ ಅಯ್ಯನಕೆರೆಯನ್ನು ದಾಟಿ ಕಡೂರಿಗೆ ಬಂದರೆ ಇಪ್ಪತ್ತೈದು ಇಂಚು ಬಿದ್ದರೆ ಪುಣ್ಯ. ಹೀಗೆ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ನೆಲ, ಎರಡು ಬಗೆಯ ದನ, ಎರಡು ಬಗೆಯ ಗೊಬ್ಬರ. ಕಡೂರು, ಬೀರೂರು, ಅಜ್ಜಂಪುರದ ಕಡೆ ಅಮೃತಮಹಲಿನ ಕಾವಲುಗಳು, ಕುರಿಯ ಮಂದೆಗಳು. ನಮ್ಮಲ್ಲಿ ಎದೆಯೆತ್ತರಕ್ಕೂ ಬಾರದ ಮಲೆನಾಡು ಗಿಡ್ಡ.

ಈ ಗಿಡ್ಡ ಹಸು ಹಾಲಿನ ಲೆಕ್ಕದಲ್ಲಿ ಯಾವ ಡೇರಿಯವರಿಗೂ ಮುಖ ತೋರಿಸುವಂಥದಲ್ಲ. ಮಲೆನಾಡಿನವರು ಅದನ್ನು ಸಾಕಿದ್ದೇ ಗೊಬ್ಬರಕ್ಕೆ. 1800–01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಘಟ್ಟದ ಮೇಲೂ ಕೆಳಗೂ ಸೊಪ್ಪು ಮತ್ತು ಸಗಣಿಗಳಿಂದ ಗೊಬ್ಬರ ಮಾಡುವ ಕ್ರಮಗಳನ್ನು ಶ್ರದ್ಧೆಯಿಂದ ಬರೆದುಕೊಂಡಿದ್ದಾನೆ. ಕ್ರಮ ಇಂದಿಗೂ ಬದಲಾಗಿಲ್ಲ. ಮಳೆಗಾಲದಲ್ಲಿ ಸೊಪ್ಪಿನಬೆಟ್ಟದಿಂದಲೋ ಹಾಡ್ಯದಿಂದಲೋ ಹಸಿಸೊಪ್ಪು ಸವರಿ ತಂದು ಕೊಟ್ಟಿಗೆಗೆ ಹಾಸುವುದು. ಬೇಸಿಗೆಯಲ್ಲಿ ದರಗು ಗುಡಿಸಿ ತಂದು ಹಾಸುವುದು. ದನ ತುಳಿಯುತ್ತದೆ, ಸಗಣಿ ಹಾಕುತ್ತದೆ, ಗಂಜಲ ಹೊಯ್ಯುತ್ತದೆ. ಅದರ ಮೇಲೆ ಮತ್ತೊಂದು ಪದರ ಸೊಪ್ಪು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಎಲ್ಲವನ್ನೂ ಕಿತ್ತು ಗುಂಡಿಗೆ ಹಾಕುವುದು.

ನೋಡುವುದಕ್ಕೆ ಒರಟಾದ ಕೆಲಸ. ಆದರೆ ಇದರೊಳಗೆ ಅಡಗಿರುವ ವಿವೇಕ ಸಣ್ಣದಲ್ಲ. ದನದ ದೇಹದಿಂದ ಹೊರಬರುವ ಸಾರಜನಕದಲ್ಲಿ ಹತ್ತಿರಹತ್ತಿರ ಅರ್ಧ, ಪೊಟ್ಯಾಷಿನಲ್ಲಿ ಹೆಚ್ಚಿನ ಪಾಲು ಗಂಜಲದಲ್ಲಿರುತ್ತದೆ. ರಂಜಕ ಮಾತ್ರ ಬಹುಮಟ್ಟಿಗೆ ಸಗಣಿಯಲ್ಲಿ. ನುಣ್ಣಗೆ ಸಿಮೆಂಟು ಹಾಕಿಸಿ, ದಿನಕ್ಕೆರಡು ಬಾರಿ ನೀರು ಹೊಯ್ದು ತೊಳೆಯುವ ಕೊಟ್ಟಿಗೆಯವರು ಸಗಣಿಯನ್ನು ಉಳಿಸಿಕೊಂಡು ಗಂಜಲವನ್ನು ಹಳ್ಳಕ್ಕೆ ದಾನ ಮಾಡುತ್ತಾರೆ. ಸೊಪ್ಪಿನ ಹಾಸು ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಖಾರವಾಗಿ ಬಡಿಯುವ ವಾಸನೆಯಿದೆಯಲ್ಲ, ಅದು ಅಮೋನಿಯ, ಹಾರಿಹೋಗುತ್ತಿರುವ ಸಾರಜನಕ. ಆ ವಾಸನೆ ಬಂದರೆ ಹಾಸು ಸಾಲದು ಎಂದು ಲೆಕ್ಕ. ನಮ್ಮ ಅಜ್ಜಿಗೆ ರಸಾಯನಶಾಸ್ತ್ರ ತಿಳಿಯದು. ಮೂಗು ಹಿಡಿದುಕೊಂಡು ಬಂದವರಿಗೆ ‘ಇನ್ನೆರಡು ಹೊರೆ ಸೊಪ್ಪು ಬೇಕು’ ಎನ್ನುತ್ತಿದ್ದಳು.

ಬಯಲುಸೀಮೆಗಿಲ್ಲದ ಭಾಗ್ಯವೊಂದು ನಮಗಿತ್ತು: ಸೌದೆ. 1889ರ ಕೊನೆಯಲ್ಲಿ ಭಾರತಕ್ಕೆ ಬಂದು ದೇಶವೆಲ್ಲ ಸುತ್ತಿದ ಜಾನ್ ಅಗಸ್ಟಸ್ ವೋಲ್ಕರ್ ಎಂಬ ಆಂಗ್ಲ ಕೃಷಿ ರಸಾಯನಜ್ಞ 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಇಲ್ಲಿನ ರೈತನು ಬೆರಣಿ ತಟ್ಟಿ ಒಲೆಗಿಡುವುದು ಅವನ ಅಜ್ಞಾನದಿಂದಲ್ಲ, ಸೌದೆ ಸಿಗದ ಕಷ್ಟದಿಂದ ಎಂದು ವಾದಿಸಿದ. ಉರುವಲಿಗೆಂದು ಕಾಡು ಬೆಳೆಸಿಕೊಟ್ಟರೆ ಸಗಣಿ ತಾನಾಗಿ ಹೊಲಕ್ಕೆ ಹೋಗುತ್ತದೆ ಎಂದ. ಮಲೆನಾಡಿನಲ್ಲಿ ಬೆರಣಿಯ ಪ್ರಶ್ನೆಯೇ ಇರಲಿಲ್ಲ. ಕಾಡು ಎರಡು ರೀತಿಯಲ್ಲಿ ಗೊಬ್ಬರವನ್ನು ಕಾಯುತ್ತಿತ್ತು: ಒಲೆಗೆ ಸೌದೆ ಕೊಟ್ಟು ಸಗಣಿಯನ್ನು ಉಳಿಸುತ್ತಿತ್ತು, ಕೊಟ್ಟಿಗೆಗೆ ಸೊಪ್ಪು ಕೊಟ್ಟು ಗಂಜಲವನ್ನು ಉಳಿಸುತ್ತಿತ್ತು.

ನಮಗಿದ್ದ ಶತ್ರು ಮಳೆ. ಬಯಲಿನಲ್ಲಿ ತೆರೆದು ಬಿಟ್ಟ ತಿಪ್ಪೆ ಒಣಗಿ ಕೆಟ್ಟೀತು. ಇಲ್ಲಿ ತೆರೆದು ಬಿಟ್ಟದ್ದು ಕರಗಿ ಹೋಗುತ್ತದೆ. ಜೂನ್ ತಿಂಗಳಿನಲ್ಲಿ ಗೊಬ್ಬರದ ಗುಂಡಿಯಿಂದ ಕಂದು ಬಣ್ಣದ ನೀರು ಹರಿಯುತ್ತಿದ್ದರೆ ಅದು ಹಾಗಲ, ಹೀರೆ, ಬದನೆಗಳ ಆಹಾರವೇ ಭದ್ರಾ ನದಿಗೆ ಹೊರಟಿತೆಂದು ತಿಳಿಯಬೇಕು. ಆದ್ದರಿಂದ ಗುಂಡಿಗೆ ಮಾಡು ಬೇಕು. ಅಡಕೆ ಸೋಗೆಯಾದರೂ ಸರಿ, ಹಳೆಯ ತಗಡಾದರೂ ಸರಿ. ಗುಂಡಿಯ ಮೇಲುಭಾಗದಲ್ಲಿ ಒಂದು ಕಾಲುವೆ ತೋಡಿ ಹೊರಗಿನ ನೀರನ್ನು ಬೇರೆ ದಾರಿಗೆ ತಿರುಗಿಸಬೇಕು. ಮನೆ ಕಟ್ಟಿಸುವಾಗ ಲಕ್ಷಗಟ್ಟಲೆ ಸುರಿಯುವವರು ಈ ಹತ್ತು ತಗಡಿಗೆ ಹಿಂದೆಮುಂದೆ ನೋಡುವುದನ್ನು ಕಂಡಿದ್ದೇನೆ.

ಒಲೆಯ ಬೂದಿಯ ವಿಷಯದಲ್ಲಿಯೂ ಒಂದು ಮಾತು. ಮನೆಯ ಬೂದಿಯನ್ನೆಲ್ಲ ತಂದು ಹಸಿ ಗೊಬ್ಬರದ ಮೇಲೆ ಸುರಿಯುವ ರೂಢಿ ಹಲವು ಕಡೆ ಇದೆ. ಬೂದಿ ಕ್ಷಾರ, ಹಸಿ ಗೊಬ್ಬರಕ್ಕೆ ಅದು ತಾಗಿದರೆ ಅಮೋನಿಯ ಇನ್ನೂ ಬೇಗ ಹಾರಿಹೋಗುತ್ತದೆ. ಹಾಗೆಂದು ಬೂದಿ ಬೇಡವೆಂದಲ್ಲ. ಇಷ್ಟು ಮಳೆ ಬೀಳುವ ನೆಲದಲ್ಲಿ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಬೂದಿ ಅದಕ್ಕೆ ಔಷಧವೇ. ಬೇರೆಯಾಗಿ ಒಣಗಿಸಿಟ್ಟು, ಗಿಡದ ಬುಡಕ್ಕೆ ಬೇರೆಯಾಗಿಯೇ ಕೊಟ್ಟರಾಯಿತು.

ಗುಂಡಿಯೊಳಗೆ ನಡೆಯುವುದು ಒಂದು ಅಡುಗೆಯೆಂದೇ ಹೇಳಬೇಕು. ಹಸಿರು ಸೊಪ್ಪು, ದರಗು, ಸಗಣಿ ಹದವಾಗಿ ಕೂಡಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವವಿದ್ದರೆ ಕೆಲವೇ ದಿನಗಳಲ್ಲಿ ರಾಶಿಯ ನಡುಭಾಗ ಅರವತ್ತು ಡಿಗ್ರಿಯ ಸುಮಾರಿಗೆ ಬಿಸಿಯೇರುತ್ತದೆ. ಹಾರೆಯೊಂದನ್ನು ನೆಟ್ಟು ಹತ್ತು ನಿಮಿಷ ಬಿಟ್ಟು ಕಿತ್ತು ಮುಟ್ಟಿ ನೋಡಿದರೆ ಕೈ ಹಿಂದೆಳೆದುಕೊಳ್ಳುವ ಹಾಗಿರಬೇಕು. ಆ ಬಿಸಿಯಲ್ಲಿ ಕಳೆಯ ಬೀಜ ಬೇಯುತ್ತದೆ, ರೋಗಾಣು ಸಾಯುತ್ತದೆ. ತಣ್ಣಗಾದ ಮೇಲೆ ಮಗುಚಿ ಹಾಕಿದರೆ ಮತ್ತೆ ಬಿಸಿಯೇರುತ್ತದೆ. ಹಾಲುವಾಣದ ಎಲೆ, ಗ್ಲಿರಿಸಿಡಿಯಾದ ಎಲೆ ಬೇಗ ಕರಗುತ್ತವೆ. ಗ್ಲಿರಿಸಿಡಿಯಾವನ್ನು ನಮ್ಮವರು ಗೊಬ್ಬರದ ಗಿಡವೆಂದೇ ಕರೆಯುತ್ತಾರೆ. ಆಸ್ಟ್ರೇಲಿಯಾದಿಂದ ಬಂದು ತೋಟದ ನೆರಳಿಗೆ ನಿಂತಿರುವ ಸಿಲ್ವರ್ ಓಕಿನ ಎಲೆ ಮಾತ್ರ ಹಟಮಾರಿ, ವರ್ಷವಾದರೂ ತನ್ನ ಆಕಾರ ಬಿಡದು. ಎಲ್ಲ ಕಳಿತು ರಾಶಿ ಅರ್ಧಕ್ಕಿಳಿದು, ಸಗಣಿಯ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬಂದಾಗ ಗೊಬ್ಬರ ಪಕ್ವವಾಯಿತೆಂದು ಅರ್ಥ. ಕಪ್ಪು ಮಣ್ಣಿನ ನಡುವೆ ಬೆಳ್ಳಗೆ ಬಾಗಿ ಮಲಗಿರುವ ಗೊಣ್ಣೆಹುಳುಗಳು ಕಂಡರೆ ಆರಿಸಿ ಕೋಳಿಗೆ ಹಾಕಬೇಕು. ತೆಂಗನ್ನು ಕಾಡುವ ಕುರುವಾಯಿ ದುಂಬಿ ಮರಿಮಾಡುವುದು ಇಂಥ ರಾಶಿಗಳಲ್ಲೇ.

ಅರೆಬೆಂದದ್ದನ್ನು ತರಕಾರಿಗೆ ಬಡಿಸಬಾರದು. ಹಸಿ ಗೊಬ್ಬರ ಹಾಕಿದ ಮಡಿಯಲ್ಲಿ ಮೂಲಂಗಿ, ಕ್ಯಾರೆಟ್ಟುಗಳು ಕವಲೊಡೆದು ಸೊಟ್ಟಗಾಗುತ್ತವೆ. ಅದಕ್ಕಿಂತ ಮುಖ್ಯವಾದದ್ದು ಆರೋಗ್ಯ. ಸೌತೆ, ಕೊತ್ತಂಬರಿ, ಮೂಲಂಗಿಗಳನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ. ಅಮೆರಿಕದ ಸಾವಯವ ಬೇಸಾಯದ ನಿಯಮದಲ್ಲಿ, ಕಳಿಯದ ಗೊಬ್ಬರ ಹಾಕಿದರೆ ಮಣ್ಣಿಗೆ ತಾಗುವ ಬೆಳೆಯನ್ನು 120 ದಿನ, ತಾಗದ ಬೆಳೆಯನ್ನು 90 ದಿನ ಕಳೆಯುವವರೆಗೆ ಕೊಯ್ಯುವಂತಿಲ್ಲ. ಹರಿವೆ ಸೊಪ್ಪು ಒಂದು ತಿಂಗಳಿಗೆ ಕೊಯ್ಲಿಗೆ ಬರುವ ನಮ್ಮ ಹಿತ್ತಿಲಿನಲ್ಲಿ ಈ ನಿಯಮವೆಂದರೆ, ಹಸಿ ಸಗಣಿ ಬೇಡವೇ ಬೇಡ ಎಂದಂತೆ. ಬರಿಗಾಲಿನಲ್ಲಿ ಗೊಬ್ಬರ ತುಳಿಯುವವರು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಎಲ್ಲ ಗೊಬ್ಬರವೂ ಒಂದೇ ಅಲ್ಲ. ಆಡು ಕುರಿಗಳ ಹಿಕ್ಕೆಯಲ್ಲಿ ಸಾರ ಹೆಚ್ಚು, ಕರಗುವುದು ನಿಧಾನ. ಕೋಳಿಯ ಗೊಬ್ಬರ ಕೆಂಡದಂಥದು. ಹಸಿಯಾಗಿ ಹಾಕಿದರೆ ಎಳೆಯ ಬೇರು ಸುಟ್ಟುಹೋಗುತ್ತದೆ, ಹೆಚ್ಚಾಗಿ ಹಾಕಿದರೆ ಬೀನ್ಸಿನ ಬಳ್ಳಿ ಎಲೆಯೊಡೆದು ಮೆರೆಯುತ್ತದೆ, ಕಾಯಿ ಕಚ್ಚುವುದಿಲ್ಲ. ಬಸಳೆಗೆ ಎಷ್ಟು ಕೊಟ್ಟರೂ ಬೇಡವೆನ್ನದು. ನನಗೆ ಬಸಳೆಯ ಚಪ್ಪರವೆಂದರೆ ಒಂದು ಪಕ್ಷಪಾತವೇ ಇದೆ, ವಾರಕ್ಕೊಮ್ಮೆ ಒಂದು ಪಾಲು ಕಳಿತ ಗೊಬ್ಬರಕ್ಕೆ ಹತ್ತು ಪಾಲು ನೀರು ಬೆರೆಸಿ, ತಿಳಿಯನ್ನು ಬುಡಕ್ಕಷ್ಟೇ ಹೊಯ್ಯುತ್ತೇನೆ, ಎಲೆಗೆ ತಾಗಿಸುವುದಿಲ್ಲ.

ಇಷ್ಟು ಹೇಳುವ ಹೊತ್ತಿಗೆ ನಮ್ಮ ಮನೆಯ ವ್ಯಾಜ್ಯವನ್ನು ಹೇಳಲೇಬೇಕಾಗಿದೆ. ಕಾಫಿ ತೋಟವನ್ನು ನೋಡಿಕೊಳ್ಳುವವನು ನನ್ನ ತಮ್ಮ. ಮನೆಯಲ್ಲೀಗ ಉಳಿದಿರುವುದು ಮೂರು ಗಿಡ್ಡ ಹಸುಗಳು. ಹಳೆಯ ಕೊಟ್ಟಿಗೆಗೆ ದಪ್ಪ ಗೋಡೆ, ಹೊನ್ನೆಯ ಕಂಬ. ಅದನ್ನು ಹೋಮ್‌ಸ್ಟೇ ಮಾಡಿದರೆ ಬೆಂಗಳೂರಿನವರು ಮುಗಿಬಿದ್ದು ಬರುತ್ತಾರೆಂದು ತಮ್ಮನ ಎಣಿಕೆ. ನೆರೆಯ ಎರಡು ಮನೆಗಳಲ್ಲಿ ಹಾಗೆ ಆಗಿಯೂ ಇದೆ. ಒಂದು ಸಂಜೆ ಅವನು ಕಾಗದ ಪೆನ್ಸಿಲು ಹಿಡಿದು ನನ್ನೆದುರು ಕುಳಿತ.

‘ಅಣ್ಣಯ್ಯ, ಒಂದು ಗಿಡ್ಡ ದಿನಕ್ಕೆ ಐದು ಕಿಲೋ ಸಗಣಿ ಹಾಕುತ್ತದೆ ಅಂತಿಟ್ಟುಕೊ. ಅರ್ಧ ಬೆಟ್ಟಕ್ಕೆ ಹೋಯಿತು. ಸೊಪ್ಪು ಗಿಪ್ಪು ಸೇರಿ ಕಳಿತ ಮೇಲೆ ಮೂರು ಹಸುವಿಂದ ವರ್ಷಕ್ಕೆ ಎರಡೂವರೆ ಟನ್ನು. ಅದರಲ್ಲಿ ಸಾರಜನಕ ನೂರಕ್ಕೆ ಅರ್ಧ. ಅಂದರೆ ಹನ್ನೆರಡೂವರೆ ಕಿಲೋ. ನಲವತ್ತೈದು ಕಿಲೋದ ಒಂದು ಮೂಟೆ ಯೂರಿಯಾದಲ್ಲಿ ಇಪ್ಪತ್ತು ಕಿಲೋ ಇದೆ. ವರ್ಷವೆಲ್ಲ ಬೆನ್ನು ಮುರಿದುಕೊಂಡದ್ದು ಒಂದು ಮೂಟೆಗೂ ಸಮ ಅಲ್ಲ.’

ಲೆಕ್ಕ ಸರಿಯಾಗಿಯೇ ಇತ್ತು. ಸಾಹಿತ್ಯದವರು ಇಂಥ ಕಡೆ ಭಾವುಕರಾಗಿ ‘ಗೋವು ತಾಯಿ’ ಎಂದು ಶುರುಮಾಡಿದರೆ ಸೋತಂತೆಯೇ. ಲೆಕ್ಕಕ್ಕೆ ಲೆಕ್ಕವನ್ನೇ ಕೊಡಬೇಕು. ನಾನು ಹೇಳಿದ್ದು ಹೀಗೆ: ತರಕಾರಿಗೆ ಹೆಕ್ಟೇರಿಗೆ ಇಪ್ಪತ್ತೈದು ಟನ್ನು ಕೊಟ್ಟಿಗೆ ಗೊಬ್ಬರ ಎಂದು ಕೃಷಿ ವಿಶ್ವವಿದ್ಯಾಲಯದವರೇ ಹೇಳುತ್ತಾರೆ. ಚದರ ಮೀಟರಿಗೆ ಎರಡೂವರೆ ಕಿಲೋ. ಹತ್ತು ಅಡಿಗೆ ಹತ್ತು ಅಡಿಯ ಮಡಿಗೆ ಇಪ್ಪತ್ಮೂರು ಕಿಲೋ. ನಮ್ಮ ಹಿತ್ತಿಲು ಹತ್ತು ಗುಂಟೆ. ಅದಕ್ಕೆ ಬೇಕಾದದ್ದು ಎರಡೂವರೆ ಟನ್ನು, ಮೂರು ಹಸುಗಳು ಕೊಡುವಷ್ಟೇ. ಇನ್ನು ಯೂರಿಯಾ. ಜುಲೈ ತಿಂಗಳಿನಲ್ಲಿ ಹಾಕಿದ ಯೂರಿಯಾ ಈ ಇಳಿಜಾರಿನಲ್ಲಿ ಎಷ್ಟು ದಿನ ನಿಲ್ಲುತ್ತದೆ? ಗೊಬ್ಬರದ ಸಾರಜನಕದಲ್ಲಿ ಮೊದಲ ವರ್ಷ ಗಿಡಕ್ಕೆ ಸಿಗುವುದು ಮೂರನೆಯ ಒಂದು ಪಾಲಿನ ಸುಮಾರು; ಉಳಿದದ್ದು ಮಣ್ಣಿನಲ್ಲಿ ಠೇವಣಿಯಾಗಿ ಕೂಡುತ್ತದೆ. ಈ ಗಿರಿಯ ಮಣ್ಣು ಕಬ್ಬಿಣದ ಮಣ್ಣು, ಹಾಕಿದ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಕೊಡದು. ಕಳಿತ ಗೊಬ್ಬರ ಆ ಹಿಡಿತವನ್ನು ಸಡಿಲಿಸುತ್ತದೆ. ಏಪ್ರಿಲ್ಲಿನಲ್ಲಿ ಪಕ್ಕದವರ ಮಡಿ ಬಿರುಕುಬಿಟ್ಟಾಗ ನಮ್ಮದರಲ್ಲಿ ತೇವವಿರುತ್ತದೆ. ಯೂರಿಯಾದ ಮೂಟೆಯಲ್ಲಿ ಎರೆಹುಳು ಬರುವುದಿಲ್ಲ.

‘ಹಾಗಾದರೆ ಗೊಬ್ಬರವನ್ನೇ ಲಾರಿಯಲ್ಲಿ ತರಿಸೋಣ’ ಎಂದ.

ಇದು ಕೆಣಕುವ ಮಾತು. ಬೇಸಿಗೆ ಬಂತೆಂದರೆ ಗಿರಿಯ ಮೂಡಲ ಮಗ್ಗುಲಿನಿಂದ ಪಡುವಲಿಗೆ ಗೊಬ್ಬರದ ಲಾರಿಗಳು ಹತ್ತಿಬರುತ್ತವೆ. ಕಡೂರು, ಅರಸೀಕೆರೆಗಳ ಕಡೆಯ ಕೊಟ್ಟಿಗೆ ಗೊಬ್ಬರ, ಕುರಿಗೊಬ್ಬರ ಕಾಫಿ ತೋಟಗಳಿಗೆ ಮಾರಾಟವಾಗುತ್ತದೆ. ಹಿಂದೆ ಆ ಸೀಮೆಯಲ್ಲಿ ಕುರಿಯವರನ್ನು ಕರೆದು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಂಡು, ಅವರಿಗೆ ದವಸವನ್ನೋ ಹಣವನ್ನೋ ಕೊಟ್ಟು ಕಳಿಸುತ್ತಿದ್ದರು. ಹಿಕ್ಕೆಯೂ ಗಂಜಲವೂ ಬಿದ್ದ ನೆಲದಲ್ಲೇ ಉಳಿಯುತ್ತಿತ್ತು. ಈಗ ಕಾಫಿಯ ಹಣದ ಎಳೆತಕ್ಕೆ ಅದು ಲಾರಿ ಹತ್ತುತ್ತದೆ. ಮಾರುವ ರೈತನನ್ನು ತಪ್ಪೆನ್ನಲಾರೆ, ಅವನಿಗೆ ಕೈಗೆ ಕಾಸು ಬೇಕು. ಆದರೆ ಇಪ್ಪತ್ತೈದು ಇಂಚು ಮಳೆಯ ಬಡ ಕೆಂಪು ಹೊಲದ ಸತ್ತ್ವ ನೂರು ಇಂಚಿನ ಬೆಟ್ಟಕ್ಕೆ ಬಂದು, ಅರ್ಧ ಭದ್ರೆಯ ಪಾಲಾಗುವುದು ನನಗೆ ಸರಿಕಾಣುವುದಿಲ್ಲ. ಅದೂ ಅಲ್ಲದೆ ಹಿಂದಿನ ವರ್ಷ ತಮ್ಮನು ದಲ್ಲಾಳಿಯೊಬ್ಬನಿಂದ ತರಿಸಿದ ಲಾರಿಯಲ್ಲಿ ಕಾಲು ಪಾಲು ಕೆರೆಯ ಮಣ್ಣಿತ್ತು. ಆ ಮಾತನ್ನು ನೆನಪಿಸಿದ್ದಕ್ಕೆ ಅವನಿಗೆ ಸಿಟ್ಟೂ ಬಂತು.

ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಜಪಾನಿನ ಫುಕುವೋಕನ ಕೃಷಿಯನ್ನು ಕುರಿತು ‘ಸಹಜ ಕೃಷಿ’ ಎಂಬ ಪುಸ್ತಕ ಬರೆದರು. ಗೊಬ್ಬರ ತಯಾರಿಸುವ ಶ್ರಮವೇ ಬೇಡ, ಹುಲ್ಲನ್ನು ನೆಲಕ್ಕೇ ಹಾಸಿಬಿಡು ಎಂಬುದು ಫುಕುವೋಕನ ಮತ. ನಮ್ಮ ಕಡೆಯ ಕಾಲೇಜು ಹುಡುಗರು ಆ ಪುಸ್ತಕ ಓದಿ ಗುಂಡಿ ತೋಡುವುದನ್ನು ನಿಲ್ಲಿಸಲು ಒಳ್ಳೆಯ ನೆಪ ಸಿಕ್ಕಿತೆಂದುಕೊಂಡರು. ಆದರೆ ಹಾಸಿದ ಹುಲ್ಲು ಬೇಗ ಕರಗಲೆಂದು ಅವನೂ ಒಂದಿಷ್ಟು ಕೋಳಿಯ ಗೊಬ್ಬರ ಎರಚುತ್ತಿದ್ದ! ಪ್ರಾಣಿಯ ಹಂಗಿಲ್ಲದೆ ತರಕಾರಿ ಬೆಳೆಯಬಹುದು, ಸುಳ್ಳಲ್ಲ. ಹಂಗಿನೊಡನೆ ಬೆಳೆಯುವುದು ಸುಲಭ.

ತಮ್ಮ ಎತ್ತಿದ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ‘ಹೊರುವವರು ಯಾರು?’ ಎಂದ.

ಸೊಪ್ಪು ಸವರಿ ತಂದವರು, ಕೊಟ್ಟಿಗೆ ಕಿತ್ತವರು, ಮಂಕರಿಯಲ್ಲಿ ಗೊಬ್ಬರ ಹೊತ್ತು ದರೆ ಹತ್ತಿದವರು ಎಂದೂ ಗೊಬ್ಬರದ ಒಡೆಯರಾಗಿರಲಿಲ್ಲ. ಜೀತಪದ್ಧತಿಯನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ. ನಾನಾಗ ಕಾಲೇಜಿನ ಮೆಟ್ಟಿಲು ಹತ್ತುವ ಹುಡುಗ. ಅದಕ್ಕೆ ಮುಂಚಿನ ನಮ್ಮ ಹಿತ್ತಿಲಿನ ಬದನೆ, ಬೆಂಡೆಗಳು ಯಾರ ನೆತ್ತಿಯ ಮೇಲಿಂದ ಇಳಿದ ಸತ್ತ್ವವನ್ನುಂಡು ಬೆಳೆದವು ಎಂಬುದು ನನಗೆ ಗೊತ್ತು. ಕೊಟ್ಟಿಗೆಯ ಸುಗಂಧವನ್ನು ಬಣ್ಣಿಸುವ ಪ್ರಬಂಧಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಳೆಯಲ್ಲಿ ಮಂಕರಿಯ ಸಂದಿಯಿಂದ ಮುಖದ ಮೇಲೆ ಇಳಿಯುತ್ತಿದ್ದ ರಸದ ಮಾತು ಅವುಗಳಲ್ಲಿ ಇಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಹತ್ತಿರ ಒಂದು ಜೋಡಿ ಎತ್ತುಗಳಿವೆ, ಉಳಲು ನೆಲವಿಲ್ಲ. ಇದನ್ನು ನಾನು ತರಗತಿಯಲ್ಲಿ ಅನೇಕ ವರ್ಷ ಪಾಠ ಹೇಳಿದೆ. ಹಿತ್ತಿಲಿಗಿಳಿದ ಮೇಲೆ ಅದೇ ಕಥೆ ಇನ್ನೊಂದು ಬಗೆಯಲ್ಲಿ ಅರ್ಥವಾಯಿತು. ಎತ್ತಿದ್ದ ಮೇಲೆ ಸಗಣಿಯೂ ಇತ್ತು. ಹಾಕಲು ನಾಲ್ಕು ಅಡಿ ಮಣ್ಣಿಲ್ಲದವನ ಮನೆಯಲ್ಲಿ ಸಗಣಿ ಸಂಪತ್ತಾಗುವುದಿಲ್ಲ. ಸಾಲ ತೀರಿಸಲು ಅವನ ಮಕ್ಕಳು ಬರುವುದು ನಮ್ಮ ಘಟ್ಟದ ಕಾಫಿ ತೋಟಕ್ಕೇ.

ಊರ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಕಳಿಸುವ ವಿಧಾನವನ್ನು ಜಗತ್ತು ‘ಬೆಂಗಳೂರು ಪದ್ಧತಿ’ ಎಂದೇ ಕರೆಯುತ್ತದೆ. ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ್ದು. ಹಿಂದಿನ ದಶಕದಲ್ಲಿ ಆಲ್ಬರ್ಟ್ ಹೋವರ್ಡ್ ಇಂದೂರಿನಲ್ಲಿ ರೂಪಿಸಿದ್ದ ಪದ್ಧತಿಯಲ್ಲಿ ಮತ್ತೆ ಮತ್ತೆ ಮಗುಚಬೇಕಾಗಿತ್ತು. ಇದರಲ್ಲಿ ಆ ಶ್ರಮವಿಲ್ಲ. ಕನ್ನಡನಾಡಿನ ಊರೊಂದರ ಹೆಸರು ಗೊಬ್ಬರಶಾಸ್ತ್ರದ ಪುಸ್ತಕಗಳಲ್ಲಿ ನಿಂತಿರುವುದು ಹೆಮ್ಮೆಯ ಮಾತೇ. ಆದರೆ ಆ ಕಾಲದ ಊರುಗಳಲ್ಲಿ ಮಲವನ್ನು ಹೊರುತ್ತಿದ್ದದ್ದು ಮನುಷ್ಯರ ತಲೆ. ಆ ಹೊರೆಯನ್ನು ಕರ್ನಾಟಕದಲ್ಲಿ ಆಜ್ಞೆ ಮಾಡಿ ಇಳಿಸಹೊರಟವರು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತನ್ನಾಡಿ ಮಂತ್ರಿಪದವಿಯನ್ನೇ ಬಿಡಬೇಕಾಗಿ ಬಂದವರೂ ಅವರೇ. ಹೈಸ್ಕೂಲು ಹುಡುಗನಾಗಿದ್ದ ನನಗೆ ಆಗ ಅವರ ಮೇಲೆ ಎಲ್ಲರಂತೆ ಕೋಪವಿತ್ತು. ಆದರೆ ದನ ಸಾಕಿದವರಿಗೆ ಬೂಸಾ ಬೈಗುಳವಾಗಿ ಕೇಳಿಸುವುದು ಕಷ್ಟ. ತಲೆಯ ಮೇಲಿನ ಹೊರೆ ಇಳಿಸಲು ಹೊರಟ ಆಜ್ಞೆಗಿಂತ ಆ ಒಂದು ಪದವನ್ನೇ ನಾವು ಹೆಚ್ಚು ನೆನಪಿಟ್ಟುಕೊಂಡಿದ್ದೇವೆ.

ನಮ್ಮ ಮನೆಯ ಮಟ್ಟಿಗೆ ಹೊರುವ ಪ್ರಶ್ನೆಗೆ ಕೈಗಾಡಿಯೊಂದು ಬಂದಿದೆ. ಕೊಟ್ಟಿಗೆಯಿಂದ ಗುಂಡಿಗೆ ಹಲಗೆಯ ದಾರಿ ಹಾಕಿಸಿದ್ದೇವೆ. ತಲೆಯ ಮೇಲೆ ಯಾರೂ ಹೊರುವುದಿಲ್ಲ. ಬೆಳಗಿನ ಗಾಡಿಯನ್ನು ನಾನೇ ತಳ್ಳುತ್ತೇನೆ. ಅರವತ್ತು ದಾಟಿದ ಮೊಣಕಾಲಿಗೆ ಅಷ್ಟೇನೂ ಕಷ್ಟವಿಲ್ಲ. ನಿವೃತ್ತ ಪ್ರೊಫೆಸರರು ಗೊಬ್ಬರ ತಳ್ಳುತ್ತಿರುವುದನ್ನು ನೋಡಲು ಮೊದಮೊದಲು ರಸ್ತೆಯಲ್ಲಿ ಜೀಪು ನಿಲ್ಲಿಸುತ್ತಿದ್ದವರು ಈಗ ನಿಲ್ಲಿಸುವುದಿಲ್ಲ.

ಇನ್ನೊಂದು ಬದಲಾವಣೆ ನಾವು ಎಣಿಸದೆ ಆದದ್ದು. ನಮ್ಮ ಭಾಗದ ತೋಟಗಳಿಗೆ ಈಗ ಕೆಲಸಕ್ಕೆ ಬರುವವರಲ್ಲಿ ಅಸ್ಸಾಮ್, ಬಂಗಾಳಗಳಿಂದ ಬಂದವರು ಬಹಳ ಮಂದಿ. ತಮ್ಮನ ತೋಟದ ಲೈನ್ ಮನೆಗಳ ಹಿಂದೆ ಹಾಳು ಬಿದ್ದಿದ್ದ ಪಟ್ಟಿಯೊಂದನ್ನು ಅಸ್ಸಾಮಿನ ಹೆಂಗಸೊಬ್ಬಳು ಅಗೆದು, ಊರಿನಿಂದ ತಂದ ಬೀಜ ಬಿತ್ತಿ ಸೊಪ್ಪು ಬೆಳೆದಳು. ಲಾಯಿ ಎನ್ನುತ್ತಾಳೆ, ಸಾಸಿವೆಯ ಜಾತಿ, ಅಗಲ ಎಲೆ, ಸ್ವಲ್ಪ ಖಾರ. ಒಂದು ದಿನ ನಮ್ಮ ಗುಂಡಿಯ ಬಳಿ ನಿಂತು, ಹಿಡಿ ಗೊಬ್ಬರ ಎತ್ತಿ ಮೂಸಿ ನೋಡಿ, ‘ಕಾಕಾ, ನಾಲ್ಕು ಬುಟ್ಟಿ ಕೊಡ್ತೀರಾ?’ ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೇಳಿದಳು. ಗೊಬ್ಬರ ಪಕ್ವವಾಗಿದೆಯೇ ಎಂದು ಮೂಗಿನಿಂದ ತಿಳಿಯುವವರನ್ನು ಅಜ್ಜಿಯ ನಂತರ ನಾನು ಕಂಡದ್ದು ಅಂದೇ.

ತಮ್ಮನಿಗೆ ಇದು ಹಿಡಿಸಲಿಲ್ಲ. ಒಬ್ಬರಿಗೆ ಕೊಟ್ಟರೆ ಎಂಟು ಮನೆಯವರೂ ಕೇಳುತ್ತಾರೆ. ನಾಳೆ ಲೈನಿನ ಹಿಂದಿನ ನೆಲವೂ ತಮ್ಮದೇ ಎಂದಾರು ಎಂಬ ಅಳುಕು. ಎಂಟು ಮನೆಯವರೂ ಕೇಳಿದ್ದು ನಿಜವೇ. ನೆಲದ ಮಾತನ್ನು ಯಾರೂ ಎತ್ತಿಲ್ಲ. ಎರಡು ವಾರ ಮನೆಯಲ್ಲಿ ಮಾತುಕತೆಯಾಗಿ ಕೊನೆಗೆ ಒಂದು ಏರ್ಪಾಟು ಆಯಿತು: ಭಾನುವಾರ ಲೈನಿನವರು ತೋಟದ ದರಗು, ಕಾಫಿ ಸಿಪ್ಪೆ ತಂದು ಗುಂಡಿಗೆ ಸೇರಿಸುತ್ತಾರೆ; ಅದಕ್ಕೆ ಕೂಲಿಯುಂಟು. ಗುಂಡಿ ಒಡೆದಾಗ ಮನೆಗೆ ನಾಲ್ಕು ಬುಟ್ಟಿಯಂತೆ ಗೊಬ್ಬರ ಅವರ ಪಾಲು. ಅದು ಕೂಲಿಯಲ್ಲಿ ಮುರಿದುಕೊಳ್ಳುವಂಥದಲ್ಲ. ಸಿಪ್ಪೆ ಬಂದ ಮೇಲೆ ಮೂರು ಹಸುವಿನ ಗೊಬ್ಬರ ಮೂರೂವರೆ ಟನ್ನಿಗೆ ಏರಿತೆಂದು ತಮ್ಮನೇ ಪೆನ್ಸಿಲು ಹಿಡಿದು ಲೆಕ್ಕ ಹಾಕಿ ತೋರಿಸಿದ.

ಕೊಟ್ಟಿಗೆಯನ್ನು ಹೋಮ್‌ಸ್ಟೇ ಮಾಡುವ ಮಾತು ಬಿದ್ದುಹೋಗಿಲ್ಲ. ಮುಂದಿನ ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಎಂದಿದ್ದಾನೆ. ಗಬ್ಬದ ಹಸುವೊಂದು ಈ ತಿಂಗಳು ಕರು ಹಾಕಬೇಕು. ಗುಂಡಿಯ ತಗಡುಗಳಲ್ಲಿ ಎರಡು ತುಕ್ಕುಹಿಡಿದಿವೆ. ಮೇ ತಿಂಗಳು ಮುಗಿಯುವುದರೊಳಗೆ ಬದಲಾಯಿಸಬೇಕು.